ಕೌದಿ ಹೊಲಿದ ಸೂಜಿ

ನಿಗಡಿ, ಪುಣೆ
18 ನವೆಂಬರ್ 2024

ಸುಮಂಗಲಾ,

ಕಾಗದದಲ್ಲಿ ಮೊದಲು ಕ್ಷೇಮ ಬರೆಯಬೇಕು ಅಂತ ಏಳನೇ ಇಯತ್ತೆಯಲ್ಲಿ ಮಾಸ್ತರರು ಕಲಿಸಿದ್ದರು. ಬರೆದೆನೆಂದುಕೋ. ಫೋನು ಇರುವಾಗ ಅವ್ವನಿಗೆ ಇದೇನು ಹುಚ್ಚು ಅಂತ ನೀನು ನಗುತ್ತಿರಬೇಕು. ಫೋನು ಇದೆ ಮಗಳೇ, ಮಾತಾಡಲು ಜಾಗ ಇಲ್ಲ. ನಿಮ್ಮಣ್ಣನದು ಒಂದೇ ಕೋಣೆ. ಅದರಲ್ಲೇ ಒಲೆ, ಅದರಲ್ಲೇ ಬಚ್ಚಲು, ಅದರಲ್ಲೇ ದೇವರು. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ, ಕೈ ಚಾಚಿದರೆ ತಾಗುತ್ತದೆ. ಮೊದಲಾದರೆ ಸ್ನೇಹಲ್‌ಗೆ ಕನ್ನಡ ಬರುತ್ತಿರಲಿಲ್ಲ, ಅವಳ ಎದುರಿಗೇ ನಿನ್ನ ಹತ್ತಿರ ಅವಳ ಸಾರನ್ನು ಬೈಯಬಹುದಾಗಿತ್ತು. ಈಗ ಮರಾಠಿ ಸೊಸೆ ಎಲ್ಲ ಕಲಿತಿದ್ದಾಳೆ. ‘ಬ್ಯಾಡ್ರಿ’, ‘ಸಾಕ್ರಿ’ ಅನ್ನುತ್ತಾಳೆ. ಆದರೆ ಓದಲು ಬರುವುದಿಲ್ಲ. ಈ ಮನೆಯಲ್ಲಿ ನನ್ನದು ಅಂತ ಉಳಿದದ್ದು ಈ ಅಕ್ಷರಗಳಷ್ಟೇ. ಕೆಳಗಿನ ಕಿರಾಣಿ ಅಂಗಡಿಯ ಬಸವಲಿಂಗ ನಮ್ಮ ಕಡೆಯವನು, ಅವನೇ ಇದನ್ನು ಅಂಚೆ ಡಬ್ಬಿಗೆ ಹಾಕುತ್ತಾನೆ.

ತಾಯಿ ಇಲ್ಲದ ಹುಡುಗಿ, ಬಾಣಂತನ ಯಾರು ಮಾಡಬೇಕು ಅಂತ ದಸರೆಗೆ ಬಂದೆ. ಬರುವಾಗ ಊರಿನ ಟ್ರಂಕಿನಿಂದ ಹಳೆ ಬಟ್ಟೆಯ ಗಂಟು ಹೊತ್ತು ತಂದೆ. ನಿಮ್ಮಪ್ಪನ ಧೋತರ, ನನ್ನ ಮದುವೆಯ ಇಳಕಲ್ ಸೀರೆ, ನಿನ್ನ ಲಂಗ. ಮೊಮ್ಮಗುವಿಗೆ ಅಜ್ಜಿಯ ಕೌದಿ ಇರದಿದ್ದರೆ ಹೇಗೆ? ದೀಪಾವಳಿಯೊಳಗೆ ಹೊಲಿದು ಮುಗಿಸಿದೆ. ಆಗಿನಿಂದ ಕೆಮ್ಮು ಬಿಟ್ಟಿಲ್ಲ. ಜೀನೆಯ ಮೆಟ್ಟಿಲು ಹತ್ತಿದರೆ ಎದೆ ಕಟ್ಟುತ್ತದೆ, ಮಾತಾಡಿದರೆ ಏದುಸಿರು.

ಅದು ಹೋಗಲಿ. ಹೋದ ವಾರ ಮಧ್ಯಾಹ್ನ ಕೆಮ್ಮಿ ಸುಸ್ತಾಗಿ ಗೋಡೆಗೆ ಒರಗಿ ಕೂತಿದ್ದೆ. ಎದೆಯೊಳಗಿಂದ ಸುಯ್ ಸುಯ್ ಅಂತ ದನಿ. ಸ್ನೇಹಲ್ ಬಾಗಿಲಲ್ಲಿ ಕೌದಿ ಝಾಡಿಸುತ್ತಿದ್ದವಳು ತಿರುಗಿ ಬಂದು, ಎರಡು ಬೆರಳು ಕೂಡಿಸಿ ನನ್ನ ಮುಖದ ಮುಂದೆ ಹಿಡಿದು, ‘ಆಯಿ, ಸುಯಿ! ಸುಯಿ!’ ಅಂತ ನಕ್ಕಳು. ಕಣ್ಣಿಗೆ ಚಾಳೀಸು ಇರಲಿಲ್ಲ, ಆದರೂ ನಗು ಕಂಡಿತು. ಅತ್ತೆಯ ಉಬ್ಬಸವನ್ನು ಅಣಕಿಸುವ ಸೊಸೆಯನ್ನು ನೀನು ಎಲ್ಲಾದರೂ ಕಂಡಿದ್ದೀಯಾ? ಮುಖ ತಿರುಗಿಸಿದೆ. ಅಂದಿನಿಂದ ಅವಳ ಜೊತೆ ಉಪ್ಪು-ಖಾರಕ್ಕೆ ಬೇಕಾದಷ್ಟೇ ಮಾತು.

ನಿನ್ನ ಅವ್ವ,
ಸಾಬವ್ವ


ಕಲಬುರಗಿ
27 ನವೆಂಬರ್ 2024

ಅವ್ವಾ,

ಲ್ಯಾಬಿನ ಬಾಗಿಲಲ್ಲಿ ಪೋಸ್ಟ್‌ಮ್ಯಾನ್ ನನ್ನ ಹೆಸರು ಕೂಗಿದಾಗ ಕೋರ್ಟಿನ ನೋಟಿಸು ಎಂದುಕೊಂಡೆ. ಲಕೋಟೆಯ ಮೇಲೆ ನಿನ್ನ ಅಕ್ಷರ ನೋಡಿ ಇನ್ನೂ ಹೆದರಿದೆ.

ಅಣ್ಣನಿಗೆ ಫೋನ್ ಮಾಡಿ ಬೈದಿದ್ದೇನೆ. ಚಾಕಣದ ಕಂಪನಿಯಲ್ಲಿ ರಜೆ ಸಿಕ್ಕ ದಿನವೇ ನಿನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾನೆ. ಹಟ ಮಾಡಬೇಡ. ದಿನವೆಲ್ಲ ಜನರ ರಕ್ತ, ಕಫ ನೋಡುವುದೇ ನನ್ನ ಕೆಲಸ. ಸಾಮಾನ್ಯ ನೆಗಡಿಯ ಕೆಮ್ಮು ಇಷ್ಟು ದಿನ ಇರುವುದಿಲ್ಲ.

ಸ್ನೇಹಲ್ ವೈನಿ ಅಣಕಿಸುವವಳಲ್ಲ ಅವ್ವಾ. ನಿನಗೇನೋ ತಪ್ಪು ತಿಳಿದಿದೆ. ಈ ಮಾತಿಗೆ ನೀನು ನನ್ನ ಮೇಲೂ ಸಿಟ್ಟಾಗುತ್ತಿ, ಆಗು. ಇನ್ನೊಂದು ಮಾತು. ಕೌದಿ ಮುಗಿದಾಗಿನಿಂದ ಕೆಮ್ಮು ಅಂತ ಬರೆದು ಅಲ್ಲಿಗೇ ಬಿಟ್ಟಿದ್ದೀ. ನೀನು ಹಾಗೆ ಅರ್ಧಕ್ಕೆ ಮಾತು ಬಿಡುವವಳಲ್ಲ. ಅಂದು ಏನಾಯಿತು?

ನಿನ್ನ
ಸುಮಿ


ನಿಗಡಿ, ಪುಣೆ
30 ಡಿಸೆಂಬರ್ 2024

ಸುಮಂಗಲಾ,

ಹೆಣ್ಣು ಕೂಸು ಹುಟ್ಟಿದ್ದನ್ನು ನಿಮ್ಮಣ್ಣ ಧರ್ಮ ಫೋನಿನಲ್ಲಿ ಹೇಳಿದ್ದಾನಲ್ಲ. ಮೂಗು ನಿಮ್ಮಪ್ಪನದು, ಪಾಪ, ಬೆಳೆದ ಮೇಲೆ ಸರಿ ಹೋದೀತು. ನಾನು ಹೊಲಿದ ಕೌದಿಯ ಮೇಲೆಯೇ ಮಲಗುತ್ತದೆ. ಬೇರೆ ಏನು ಹಾಸಿದರೂ ಅಳು.

ಈಗ ಬರೆಯುವುದನ್ನು ಓದಿ ಹೊಟ್ಟೆಯಲ್ಲಿ ಇಟ್ಟುಕೊಳ್ಳಬೇಕು. ಅಣ್ಣನಿಗೂ ಬೇಡ, ಅವಳಿಗಂತೂ ಬೇಡವೇ ಬೇಡ. ಈ ಕೂಸಿನ ಆಣೆ.

ಹೊಲಿಯುವಾಗ ನಾನು ಸೂಜಿಯನ್ನು ತುಟಿಯಲ್ಲಿ ಕಚ್ಚಿ ಹಿಡಿಯುತ್ತೇನೆ, ನಿನಗೆ ಗೊತ್ತು. ನಿಮ್ಮಪ್ಪ ಬೈದು ಬೈದು ಸತ್ತರೂ ಬಿಡದ ಚಾಳಿ. ಅಂದು ಕೊನೆಯ ಅಂಚು ಹೊಲಿಯುತ್ತ ಕೂತಲ್ಲೇ ತೂಕಡಿಸಿದೆ. ಕೆಮ್ಮು ಬಂದೇ ಎಚ್ಚರವಾದದ್ದು. ಬಾಯಲ್ಲಿ ಸೂಜಿ ಇಲ್ಲ. ನೆಲ ಸವರಿದೆ, ಸೀರೆ ಝಾಡಿಸಿದೆ, ಕೌದಿಯ ಮೇಲೆಲ್ಲ ಅಂಗೈ ಆಡಿಸಿದೆ. ಇಲ್ಲ. ಒಂದೋ ನನ್ನೊಳಗೆ ಹೋಗಿರಬೇಕು, ಇಲ್ಲವೇ ಕೌದಿಯೊಳಗೆ. ತುಂಬಿದ ಬಸುರಿಯ ಮುಂದೆ ನಿಂತು, ನಿನ್ನ ಕೂಸಿಗೆ ಹೊಲಿದದ್ದರಲ್ಲಿ ಸೂಜಿ ಬಿಟ್ಟಿದ್ದೇನೆ ಅಂತ ಯಾವ ಬಾಯಿಂದ ಹೇಳಲಿ? ಬಾಯಲ್ಲಿಟ್ಟ ಬಿಸಿ ತುಪ್ಪವಾಯಿತು ನನ್ನ ಬದುಕು, ನುಂಗಲಾರೆ, ಉಗುಳಲಾರೆ. ಹೆರಿಗೆಯ ದಿನ ಹತ್ತಿರ ಬಂದಂತೆ ನನಗೆ ಅನ್ನ ಸೇರದಾಯಿತು.

ಅಷ್ಟರಲ್ಲಿ ಧರ್ಮ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಎದೆಯ ಫೋಟೋ ತೆಗೆದರು, ರಕ್ತ ತೆಗೆದರು. ಡಾಕ್ಟರು ಫೋಟೋವನ್ನು ಬೆಳಕಿಗೆ ಹಿಡಿದು ಮರಾಠಿಯಲ್ಲಿ ಗಡಗಡ ಮಾತಾಡಿದರು. ಗಂಟಲಿನಿಂದ ಎದೆಯ ತನಕ ಬೆರಳು ಎಳೆದು ‘ಸೂಜ್ ಆಹೆ, ಸೂಜ್ ಆಹೆ’ ಅಂದರು. ಫೋಟೋದ ತುಂಬ ಬಿಳಿ ಗೆರೆ, ಎಲುಬು ಯಾವುದು ಸೂಜಿ ಯಾವುದು ನನಗೆ ಹೇಗೆ ತಿಳಿಯಬೇಕು? ಹೊರಗೆ ಬಂದು ಧರ್ಮನನ್ನು ಕೇಳಿದೆ. ‘ಹೌದವ್ವ, ಸೂಜ್ ಅದಂತ. ಭಾಳ ದಿನದ್ದದ. ನಡಿ, ಬಸ್ ಬಂತು’ ಅಂದ. ಹಡೆದ ತಾಯಿಯ ಗಂಟಲಲ್ಲಿ ಸೂಜಿ ಇದೆ ಅಂದರೂ ಇವನಿಗೆ ಬಸ್ಸಿನ ಚಿಂತೆ! ಬೈಯಬೇಕೆನಿಸಿತು. ಬೈದರೆ ಸೂಜಿ ಹೇಗೆ ಹೋಯಿತು ಅಂತ ಕೇಳುತ್ತಾನೆ, ಅವನ ಹಿಂದೆ ಬಸ್ ಹತ್ತಿದೆ.

ನೀನು ನಂಬಲಿಕ್ಕಿಲ್ಲ, ಬಸ್ಸಿನಲ್ಲಿ ಕೂತಾಗ ನನಗೆ ಸಂತೋಷವಾಯಿತು. ಸೂಜಿ ನನ್ನಲ್ಲಿದೆ, ಕೌದಿಯಲ್ಲಿಲ್ಲ. ಈ ಮುದಿ ಗಂಟಲಿಗೆ ಚುಚ್ಚಿದರೆ ಚುಚ್ಚಲಿ. ಅಂದು ರಾತ್ರಿ ಹೊಟ್ಟೆ ತುಂಬ ಉಂಡೆ.

ಈಗ ಒಳಗಿದ್ದದ್ದನ್ನು ಅಲುಗಾಡಿಸದೆ ಬದುಕುವುದು ಕಲಿಯುತ್ತಿದ್ದೇನೆ. ನಗುವುದಿಲ್ಲ, ಬಗ್ಗುವುದಿಲ್ಲ, ಗೋಡೆಗೆ ಒರಗಿ ಕೂತೇ ನಿದ್ದೆ. ಡಾಕ್ಟರು ಎರಡು ಪಂಪ್ ಕೊಟ್ಟಿದ್ದಾರೆ, ನೀಲಿಯದೊಂದು, ಕಂದು ಬಣ್ಣದ್ದೊಂದು. ಅದರಿಂದ ಗಾಳಿ ಊದಿದರೆ ಸೂಜಿ ಇನ್ನೂ ಕೆಳಗಿಳಿಯುತ್ತದೆ. ಡಬ್ಬಿ ಒಡೆದೇ ಇಲ್ಲ. ಬಾಣಂತಿಗೆ ಗಾಳಿ ಆಗದು ಅಂತ ಕಿಟಕಿ ಮುಚ್ಚಿದೆ, ಎರಡು ಹೊತ್ತು ಲೋಬಾನದ ಹೊಗೆ. ಹೊಗೆ ಹಾಕಿದಾಗ ನಾನು ಬಚ್ಚಲಿನ ಪರದೆಯ ಹಿಂದೆ ಹೋಗಿ ನಿಂತು ಉಸಿರು ಹುಡುಕುತ್ತೇನೆ. ಈ ಗೋಡೆಗಳೆಲ್ಲ ಒಳಗೆ ಸರಿದು ಬಂದ ಹಾಗೆ ಅನಿಸುತ್ತದೆ.

ಅವ್ವ,
ಸಾಬವ್ವ


ಕಲಬುರಗಿ
6 ಜನವರಿ 2025

ಅವ್ವಾ,

ನಿನ್ನ ಕಾಗದ ಓದಿ ನಕ್ಕೆ, ಆಮೇಲೆ ಬಾಗಿಲು ಹಾಕಿಕೊಂಡು ಅತ್ತೆ. ಕೂಡಲೇ ಫೋನ್ ಮಾಡಿ ‘ಅದು ಸೂಜಿ ಅಲ್ಲವ್ವ’ ಅಂದರೆ, ‘ಹೂಂ, ಆರಾಮ ಅದೀನಿ’ ಅಂತ ನೀನು ಇಟ್ಟುಬಿಟ್ಟೆ. ಪಕ್ಕದಲ್ಲಿ ವೈನಿ ಇದ್ದಳು, ಗೊತ್ತಾಯಿತು. ಆದ್ದರಿಂದ ನಿನ್ನ ಹಾಗೆ ಕಾಗದದಲ್ಲೇ ಬರೆಯುತ್ತಿದ್ದೇನೆ, ಎರಡು ಸಲ ಓದು.

ಸೂಜ್ ಅಂದರೆ ಮರಾಠಿಯಲ್ಲಿ ಬಾವು. ನಿನ್ನ ಶ್ವಾಸನಾಳದ ಒಳಗೆ ಬಾವು ಬಂದಿದೆ, ಅಷ್ಟೇ ಡಾಕ್ಟರು ಹೇಳಿದ್ದು. ಅಣ್ಣನ ಕನ್ನಡ ಪುಣೆಯ ನೀರು ಕುಡಿದು ಅರ್ಧ ಮರಾಠಿಯಾಗಿದೆ, ಅವನೂ ಸೂಜ್ ಅಂದ. ನಿನ್ನ ಎದೆಯ ಫೋಟೋವನ್ನು ಅವನಿಂದ ಮೊಬೈಲಿಗೆ ತರಿಸಿ ನೋಡಿದೆ, ನಮ್ಮ ಡಾಕ್ಟರಿಗೂ ತೋರಿಸಿದೆ. ಸೂಜಿ ಇದ್ದಿದ್ದರೆ ಟ್ಯೂಬ್‌ಲೈಟಿನ ಹಾಗೆ ಎದ್ದು ಕಾಣುತ್ತಿತ್ತು. ಇಲ್ಲ.

ಹಾಗಾದರೆ ಬಾವು ಯಾಕೆ ಬಂತು? ಹಳೆ ಬಟ್ಟೆಯಲ್ಲಿ ನುಸಿ ಇರುತ್ತದೆ. ಜೋಳಕ್ಕೆ ಬೀಳುವ ನುಸಿಯಲ್ಲ, ಕಣ್ಣಿಗೇ ಕಾಣದ್ದು. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ತಿಂದು ಬದುಕುತ್ತದೆ. ಅದರ ಹಿಕ್ಕೆಯಲ್ಲಿ ಕೆಲವು ಪ್ರೋಟೀನುಗಳಿರುತ್ತವೆ. ನೀನು ಟ್ರಂಕಿನ ಬಟ್ಟೆ ಬಿಚ್ಚಿ ಹರಿದು ಹೊಲಿಯುವಾಗ ಅವು ಧೂಳಿನ ಜೊತೆ ಉಸಿರಿನಲ್ಲಿ ಹೋಗಿವೆ. ಬಹಳ ಜನರಿಗೆ ಅದರಿಂದ ಏನೂ ಆಗುವುದಿಲ್ಲ. ಕೆಲವರ ಮೈ ಮಾತ್ರ ಅದನ್ನು ತಪ್ಪು ಕೇಳಿಸಿಕೊಳ್ಳುತ್ತದೆ, ನೀನು ಸೂಜ್ ಅಂದದ್ದನ್ನು ಸೂಜಿ ಅಂದುಕೊಂಡ ಹಾಗೆ. ಯಾವುದೋ ಹುಳ ಒಳಗೆ ನುಗ್ಗಿದೆ ಅಂತ ಗಾಬರಿ ಬೀಳುತ್ತದೆ.

ಆ ಗಾಬರಿಯಲ್ಲಿ ಮೈ ತನ್ನದೇ ಒಂದು ಪ್ರೋಟೀನು ತಯಾರಿಸುತ್ತದೆ. ಅದಕ್ಕೆ ಐಜಿಇ ಅನ್ನುತ್ತೇವೆ. ಅದು ಶ್ವಾಸನಾಳದ ಗೋಡೆಯಲ್ಲಿರುವ ಮಾಸ್ಟ್ ಕಣಗಳ ಮೈಮೇಲೆ ಕೂತು ಕಾಯುತ್ತದೆ. ಮುಂದಿನ ಸಲ ಅದೇ ಧೂಳು ಬಂದು ತಾಗಿದ್ದೇ ತಡ, ಆ ಕಣಗಳು ಒಳಗಿದ್ದದ್ದನ್ನೆಲ್ಲ ಕಾರಿಕೊಳ್ಳುತ್ತವೆ. ನಾಳ ಬಿಗಿಯುತ್ತದೆ, ಲೋಳೆ ಕಟ್ಟುತ್ತದೆ. ನಿನ್ನ ಎದೆಯ ಸುಯ್ ಅನ್ನುವ ದನಿ ಅದೇ. ಅಷ್ಟಕ್ಕೆ ನಿಲ್ಲುವುದಿಲ್ಲ. ಒಳಗಿನ ಕೆಲವು ಕಣಗಳು ಇನ್ನೂ ಸಣ್ಣ ಪ್ರೋಟೀನುಗಳನ್ನು ಬಿಟ್ಟು ರಕ್ತದಿಂದ ಬಳಗವನ್ನೇ ಕರೆಸುತ್ತವೆ. ಹಾಗೆ ಬರುವವರಲ್ಲಿ ಇಯೋಸಿನೋಫಿಲ್ ಮುಖ್ಯ. ನಾನು ದಿನಾ ಮೈಕ್ರೋಸ್ಕೋಪಿನಲ್ಲಿ ನೋಡುತ್ತೇನೆ, ಮೈತುಂಬ ಕೇಸರಿ ಕಾಳು ತುಂಬಿಕೊಂಡ ಕಣ. ನೋಡಲು ಭಾಳ ಚಂದ. ಆ ಕಾಳೂ ಪ್ರೋಟೀನೇ, ಹುಳ ಕೊಲ್ಲುವುದಕ್ಕೆ ಇರುವುದು. ಹುಳ ಇಲ್ಲದಿದ್ದರೆ ನಿನ್ನ ನಾಳದ ಒಳಪದರವನ್ನೇ ಸುಡುತ್ತದೆ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಅನ್ನುವುದು ಇದಕ್ಕೇ. ನಿನ್ನ ರಕ್ತದ ರಿಪೋರ್ಟಿನಲ್ಲಿ ಈ ಕಣಗಳು ಏರಿವೆ.

ಕಂದು ಪಂಪ್ ಬಾವು ಇಳಿಸುತ್ತದೆ, ದಿನಾ ಎರಡು ಹೊತ್ತು ತೆಗೆದುಕೊಂಡು ಬಾಯಿ ಮುಕ್ಕಳಿಸು. ನೀಲಿಯದು ಉಸಿರು ಕಟ್ಟಿದಾಗ. ಲೋಬಾನ ನಿಲ್ಲಿಸು, ಕೂಸಿಗೂ ಅದು ಒಳ್ಳೆಯದಲ್ಲ. ಆ ಕೌದಿಯನ್ನು ಮುಟ್ಟಬೇಡ, ಝಾಡಿಸಬೇಡ. ಕಷ್ಟವೇನೆಂದರೆ, ಒಮ್ಮೆ ತಪ್ಪು ತಿಳಿದ ಮೈ ಅದನ್ನು ಸುಲಭಕ್ಕೆ ಮರೆಯುವುದಿಲ್ಲ. ಆದರೆ ಸೂಜಿ ನಿನ್ನೊಳಗೆ ಇಲ್ಲ ಅವ್ವಾ. ಇನ್ನಾದರೂ ನಗು.

ನಿನ್ನ
ಸುಮಿ


ನಿಗಡಿ, ಪುಣೆ
14 ಜನವರಿ 2025

ಸುಮಂಗಲಾ,

ಸೂಜಿ ನನ್ನೊಳಗೆ ಇಲ್ಲ ಅಂತ ನೀನು ಬರೆದೆ. ಹಾಗಾದರೆ ಅದು ಎಲ್ಲಿದೆ? ಅಷ್ಟೆಲ್ಲ ಕಲಿತವಳು, ಐಜಿಇ ಗೊತ್ತು, ಕೇಸರಿ ಕಾಳು ಗೊತ್ತು, ಈ ಒಂದು ಪ್ರಶ್ನೆ ನಿನಗೆ ಹೊಳೆಯಲಿಲ್ಲವೇ?

ನಿನ್ನ ಕಾಗದ ಓದುವಾಗ ಕೂಸು ಆ ಕೌದಿಯ ಮೇಲೆ ಕಾಲು ಬಡಿಯುತ್ತಿತ್ತು. ಎತ್ತಿಕೊಂಡೆ. ಕೌದಿ ಒದ್ದೆಯಾಗಿದೆ ಅಂತ ಸುಳ್ಳು ಹೇಳಿ ಸುತ್ತಿ ಮೂಲೆಗಿಟ್ಟೆ. ಆಗಿನಿಂದ ಕೂಸು ಮಲಗುತ್ತಿಲ್ಲ, ಸ್ನೇಹಲ್ ‘ಕೌದಿ ದ್ಯಾ, ಕೌದಿ ದ್ಯಾ’, ಕೊಡಿ ಕೊಡಿ ಅಂತ ಕೇಳುತ್ತಲೇ ಇದ್ದಾಳೆ. ಎಷ್ಟು ದಿನ ಒದ್ದೆ ಅನ್ನಲಿ? ನಾನು ಬಚ್ಚಲಿಗೆ ಹೋದಾಗ ಅವಳು ತೆಗೆದು ಹಾಸಿಬಿಟ್ಟರೆ? ನಳಕ್ಕೆ ನೀರು ಬಂದಾಗಲೂ ಕೋಣೆ ಬಿಟ್ಟು ಕದಲದೆ ಅದರ ಮುಂದೆ ಕೂತಿದ್ದೇನೆ, ಮೊಟ್ಟೆಯ ಮೇಲಿನ ಕೋಳಿಯ ಹಾಗೆ.

ಸೂಜಿ ಸಿಗಬೇಕಾದರೆ ಕೌದಿ ಬಿಚ್ಚಬೇಕು. ಬಿಚ್ಚಿದರೆ ಧೂಳು, ಧೂಳಿಗೆ ನನ್ನ ಎದೆ. ಬೇರೆಯವರ ಕೈಯಲ್ಲಿ ಬಿಚ್ಚಿಸಬೇಕಾದರೆ ಯಾಕೆ ಅಂತ ಹೇಳಬೇಕು. ಪಂಪಿನ ಡಬ್ಬಿ ಒಡೆದೆ, ಒತ್ತಿದರೆ ನಾಲಗೆಯ ಮೇಲೇ ಬಿತ್ತು. ಹೇಗೆ ಅಂತ ಅವಳನ್ನು ಕೇಳಲೇ? ಒಂದು ಮಾತು ಕೇಳಿದರೆ ಎಲ್ಲ ಹೊರಗೆ ಬರುತ್ತದೆ. ತಾಯಿ ಇಲ್ಲದ ಹುಡುಗಿ ನನ್ನನ್ನು ನಂಬಿ ಕೂಸು ಕೊಟ್ಟಳು. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಪ್ರಾಣ ಹೋಗುತ್ತದೆ. ಹೋಗುವುದು ನನ್ನದೇ ಪ್ರಾಣವಾದರೆ ಚಿಂತೆ ಇರಲಿಲ್ಲ.

ಇಂದು ಸಂಕ್ರಮಣ. ಮುಂಜಾನೆ ಸ್ನೇಹಲ್ ಕೈಯಲ್ಲಿ ಎಳ್ಳುಂಡೆ ಇಟ್ಟು ‘ತಿಳಗೂಳ್ ಘ್ಯಾ, ಗೋಡ್ ಗೋಡ್ ಬೋಲಾ’ ಅಂದಳು. ಸಿಹಿ ತಿಂದು ಸಿಹಿ ಮಾತಾಡು ಅಂತ. ನನಗೆ ತಲೆ ಎತ್ತಲಾಗಲಿಲ್ಲ. ಈಗ ಅವಳು ಕೂಸಿಗೆ ನೀರು ಹಾಕಲು ಬಚ್ಚಲಿಗೆ ಹೋಗುವ ಹೊತ್ತು. ಈ ಕಾಗದ ಬಸವಲಿಂಗನಿಗೆ ಕೊಟ್ಟು ಬಂದು ಬ್ಲೇಡು ತೆಗೆದುಕೊಳ್ಳುತ್ತೇನೆ. ಮೂಗಿಗೆ ಸೆರಗು ಕಟ್ಟಿಕೊಂಡರಾಯಿತು.

ಅವ್ವ


ಕಲಬುರಗಿ
20 ಜನವರಿ 2025

ಅವ್ವಾ,

ನಿನ್ನ ಕಾಗದಕ್ಕಿಂತ ಅಣ್ಣನ ಫೋನ್ ಮೊದಲು ಬಂತು. ಆಸ್ಪತ್ರೆಯ ಹೆಸರು ಹೇಳಿದ, ಆಕ್ಸಿಜನ್ ಅಂದ, ‘ಅವ್ವ ಕೌದಿ ಯಾಕ ಹರಿದಾಳೋ ತಿಳೀವಲ್ದು’ ಅಂದ. ನನಗೂ ತಿಳಿಯಲಿಲ್ಲ. ಇಂದು ಕಾಗದ ಓದಿದ ಮೇಲೆ ತಿಳಿಯಿತು. ನನಗೆ ಹೊಳೆಯಬೇಕಿತ್ತು. ನಿನಗೆ ಪಾಠ ಹೇಳುವ ಸಂಭ್ರಮದಲ್ಲಿ ಸೂಜಿಯನ್ನೇ ಮರೆತೆ.

ಆಣೆ ಮುರಿಯಬೇಕೆಂದು ಫೋನ್ ಕೈಗೆತ್ತಿಕೊಂಡೆ. ನಂಬರ್ ಒತ್ತುವ ಮುಂಚೆ ನಿನ್ನ ಕಾಗದಗಳನ್ನೆಲ್ಲ ಮತ್ತೊಮ್ಮೆ ಓದಿದೆ. ನವೆಂಬರಿನದರಲ್ಲಿ ನಿಂತೆ. ವೈನಿ ಎರಡು ಬೆರಳು ಕೂಡಿಸಿ ನಿನ್ನ ಮುಖದ ಮುಂದೆ ಹಿಡಿದಳಲ್ಲ, ಅದಕ್ಕೆ ಮೊದಲು ಅವಳ ಕೈಯಲ್ಲಿ ಇದ್ದದ್ದು ಕೌದಿ ಅಲ್ಲವೇ? ಮರಾಠಿಯಲ್ಲಿ ಸೂಜಿಗೆ ಏನನ್ನುತ್ತಾರೆ? ಅವಳನ್ನೇ ಕೇಳು ಅವ್ವಾ. ನೀನೇ ಕೇಳು. ನಾನು ಶನಿವಾರದ ರೈಲಿಗೆ ಹೊರಡುತ್ತೇನೆ.

ನಿನ್ನ
ಸುಮಿ


ನಿಗಡಿ, ಪುಣೆ
24 ಫೆಬ್ರವರಿ 2025

ಸುಮಂಗಲಾ,

ನೀನು ಬಂದು ನಾಲ್ಕು ದಿನ ಇದ್ದು ಹೋದೆ. ಇದ್ದಷ್ಟು ದಿನವೂ ಅಂದು ಏನಾಯಿತು ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ. ಬರೆಯುವುದೇ ನನಗೆ ರೂಢಿಯಾಗಿದೆ.

ನಿನ್ನ ಪ್ರಶ್ನೆ ಮುಟ್ಟುವುದಕ್ಕೆ ಮೊದಲೇ ಅದಕ್ಕೆ ಉತ್ತರ ಸಿಕ್ಕಿತ್ತು. ಅಂದು ನಾನು ಕೌದಿಯ ಅರ್ಧ ಬಿಚ್ಚಿದ್ದೆ. ನಿಮ್ಮಪ್ಪನ ಧೋತರದ ತುಂಡು ಕೈಗೆ ಬಂತು. ಮೂಗಿನ ಸೆರಗು ಸರಿಸಿ ಒಮ್ಮೆ ವಾಸನೆ ನೋಡಿದೆ. ಅಷ್ಟೇ. ಒಳಗಿನಿಂದ ಯಾರೋ ಅಗಳಿ ಹಾಕಿದಂತೆ ಉಸಿರು ನಿಂತಿತು. ಹೊರಗೆ ಬಿಟ್ಟದ್ದು ಒಳಗೆ ಬಾರದು, ಒಳಗಿದ್ದದ್ದು ಹೊರಗೆ ಹೋಗದು. ಪರದೆಯ ಆ ಕಡೆ ಸ್ನೇಹಲ್ ಕೂಸಿನ ಜೊತೆ ಹಾಡುತ್ತಿದ್ದಳು. ಕೂಗೋಣವೆಂದರೆ ಕೂಗುವುದಕ್ಕೂ ಉಸಿರು ಬೇಕು. ತಾಟನ್ನು ಕಾಲಿನಿಂದ ಒದ್ದೆ.

ಅವಳು ಒದ್ದೆ ಕೂಸನ್ನು ಹಾಗೆಯೇ ಟವೆಲಿನಲ್ಲಿಟ್ಟು ಓಡಿ ಬಂದಳು. ನೀಲಿ ಪಂಪ್ ತಂದು ಬಾಯಿಗಿಟ್ಟಳು. ನಾನು ಹಲ್ಲು ಕಚ್ಚಿದ್ದೆ, ಹೆದರಿಕೆಗೆ. ‘ಬಾಯಿ ತಗೀರಿ ಆಯಿ! ಉಸುರು ಒಳಗ ತಗೋರಿ! ನನಗ ಇನ್ನೊಂದ್ ಆಯಿ ಇಲ್ರೀ!’ ಅಂತ ನನ್ನ ಗಲ್ಲ ಹಿಡಿದು ಅಲುಗಿಸಿದಳು. ಎಷ್ಟು ಚಂದ ಕನ್ನಡ ಬಂತು ನೋಡು ಆ ಹೊತ್ತಿನಲ್ಲಿ. ಒತ್ತಿದಳು, ಎಳೆದೆ. ಮತ್ತೆ ಒತ್ತಿದಳು. ಎದೆಯ ಬಾಗಿಲು ಸ್ವಲ್ಪ ಸಡಿಲಾಯಿತು.

ಉಸಿರು ಬಂದರೂ ನನ್ನ ಕೈ ಬಟ್ಟೆಯ ತುಂಡುಗಳ ಮೇಲೆ ಆಡುತ್ತಲೇ ಇತ್ತಂತೆ. ‘ಏನ್ ಹುಡುಕ್ತೀರಿ?’ ಅಂದಳು. ಸೂಜಿ ಅನ್ನಲು ದನಿ ಬರಲಿಲ್ಲ. ಎರಡು ಬೆರಳು ಕೂಡಿಸಿ ಅವಳ ಮುಖದ ಮುಂದೆ ಹಿಡಿದೆ.

ಅವಳು ನನ್ನ ಬೆರಳು ನೋಡಿದಳು. ಎದ್ದು ಹೋಗಿ ದೇವರ ಪಕ್ಕದ ಕ್ಯಾಲೆಂಡರಿನ ಹಾಳೆ ಎತ್ತಿದಳು. ಹಿಂದೆ ಚುಚ್ಚಿಟ್ಟಿದ್ದನ್ನು ತೆಗೆದು ತಂದಳು. ನನ್ನ ಕೆಂಪು ದಾರ ಇನ್ನೂ ಅದರ ಕಣ್ಣಲ್ಲೇ ಇತ್ತು. ಅದೇ ಎರಡು ಬೆರಳು, ಈ ಸಲ ಚಾಳೀಸು ಇತ್ತು. ‘ಆಯಿ, ಸುಯಿ’ ಅಂದಳು. ‘ಅವತ್ತಽ ಹೇಳಿದ್ನೆಲ್ರಿ, ಕೌದ್ಯಾಗ ಸಿಕ್ತು ಅಂತ. ನೀವು ಸಿಟ್ಟಾದ್ರಿ. ನಿಮಗ ನಾಚಿಕಿ ಆಗೇದ ಅಂತ ಮತ್ತ ಆ ಮಾತು ತಗೀಲಿಲ್ರಿ.’

ಕೂಸು ಹುಟ್ಟುವ ಮೊದಲೇ ಸಿಕ್ಕಿತ್ತು ಮಗಳೇ. ಇಷ್ಟು ದಿನ ನಾನು ಹೊತ್ತು ತಿರುಗಿದ ಸೂಜಿ ನನ್ನ ತಲೆಯ ಮೇಲಿನ ಗೋಡೆಯಲ್ಲೇ ಇತ್ತು. ನನ್ನ ಮಾನ ಕಾಯಲು ಅವಳು ಸುಮ್ಮನಿದ್ದಳು, ನನ್ನ ಮಾನ ಕಾಯಲು ನಾನೂ ಸುಮ್ಮನಿದ್ದೆ. ಆಮೇಲೆ ನನ್ನನ್ನು ಆಸ್ಪತ್ರೆಗೆ ಒಯ್ಯುವ ತನಕ ಇಬ್ಬರೂ ಸೇರಿ ಅತ್ತದ್ದನ್ನು ಬರೆಯುವುದಿಲ್ಲ, ಕೆಮ್ಮು ಬರುತ್ತದೆ.

ಬಿಡುಗಡೆ ಆಯಿತು ಅಂತ ನೀನು ಅಂದುಕೊಳ್ಳಬೇಡ. ಈ ಎದೆ ಹೋದಲ್ಲೆಲ್ಲ ನನ್ನ ಜೊತೆಗೇ ಬರುತ್ತದೆ. ನೀನು ಬರೆದದ್ದು ನಿಜ, ಸೊಸೆಯ ಬಗ್ಗೆ ತಪ್ಪು ತಿಳಿದದ್ದನ್ನು ಒಂದು ಮಧ್ಯಾಹ್ನದಲ್ಲಿ ತಿದ್ದಿಕೊಂಡೆ, ನುಸಿಯ ಬಗ್ಗೆ ತಪ್ಪು ತಿಳಿದದ್ದನ್ನು ನನ್ನ ಮೈ ತಿದ್ದಿಕೊಳ್ಳುತ್ತಿಲ್ಲ. ಬಟ್ಟೆಯನ್ನೆಲ್ಲ ಕುದಿಯುವ ನೀರಿಗೆ ಹಾಕಿ ಬಿಸಿಲಿಗೆ ಒಣಗಿಸಿದಳು. ಈಗ ಅವಳೇ ಕೌದಿ ಮತ್ತೆ ಹೊಲಿಯುತ್ತಿದ್ದಾಳೆ, ಅದೇ ಸೂಜಿಯಿಂದ. ಎದ್ದಾಗ ಅದನ್ನು ಮತ್ತೆ ಕ್ಯಾಲೆಂಡರಿನ ಹಿಂದೆಯೇ ಚುಚ್ಚಿಡುತ್ತಾಳೆ. ನಾನು ಹೊರಗೆ ಜೀನೆಯ ಮೇಲೆ ಕೂತು ದೂರದಿಂದ ‘ಅಲ್ಲಲ್ಲ, ಇತ್ತ ಹೊಲಿ’ ಅಂತ ಬೆರಳು ತೋರಿಸುತ್ತೇನೆ. ಅವಳ ಹೊಲಿಗೆಯ ಟಾಕಿ ಎತ್ತಿನ ಉಚ್ಚೆಯ ಹಾಗೆ ಡೊಂಕು. ನಿಮ್ಮಪ್ಪನ ಧೋತರ ಎಲ್ಲಿ ಸೇರಿತೋ ಗೊತ್ತಿಲ್ಲ. ಇನ್ನು ಅದನ್ನು ನಾನು ಮುಖಕ್ಕೆ ಹಿಡಿಯುವ ಹಾಗಿಲ್ಲ. ಅದೊಂದು ನೆನೆದರೆ ಪಂಪಿಗೂ ಬಗ್ಗದ ಹಾಗೆ ಎದೆ ಕಟ್ಟುತ್ತದೆ.

ಮುಂಜಾನೆ ಕಂದು ಪಂಪ್ ಕೈಗೆ ಕೊಡುವಾಗ ಸ್ನೇಹಲ್ ದಿನಾ ಕೇಳುತ್ತಾಳೆ, ‘ಆಯಿ, ಸೂಜ್?’

‘ಅದ’ ಅನ್ನುತ್ತೇನೆ.

‘ಸುಯಿ?’

ಇಬ್ಬರೂ ಕ್ಯಾಲೆಂಡರಿನ ಕಡೆ ನೋಡುತ್ತೇವೆ. ಅದೂ ಅದ.

ನಿನ್ನ ಅವ್ವ,
ಸಾಬವ್ವ